ಹದಿನಾಲ್ಕನೇ ಸಾವು

ಹನ್ನೊಂದನೇ ಸಲ ಆಂಬ್ರೋಸ್ ಪೆಲ್ ವಿಷದ ಬಟ್ಟಲು ಬರಿದು ಮಾಡಿದ, ಗಂಟಲು ಹಿಡಿದುಕೊಂಡ, ರಂಗದ ಹಲಗೆಗಳ ಮೇಲೆ ಕುಸಿದು ಸತ್ತ. ನೆಸ್ಟಾ ಓಡಿಬಂದು ಅವನ ತಲೆಯನ್ನು ಮಡಿಲಿಗೆಳೆದುಕೊಂಡು ಕಿರುಚಿದಳು.

"ಕಟ್. ಸಾಲದು," ಎಂದ ನಿರ್ದೇಶಕ ಹ್ಯಾರೋಬಿ. "ಯಜಮಾನ್ರೇ, ಇನ್ನೊಂದ್ಸಲ ಸಾಯಿರಿ."

ಲಂಡನ್ನಿನ ಆ ಹಳೆಯ ನಾಟಕಶಾಲೆಯನ್ನು ಕೊಲೆಯ ಚಿತ್ರವೊಂದಕ್ಕಾಗಿ ಬಾಡಿಗೆಗೆ ಹಿಡಿದಿದ್ದರು. ಮಾತಾಡುವ ಚಿತ್ರಗಳು ಬಂದು ಇನ್ನೂ ಎರಡು ವರ್ಷ. ಕ್ಯಾಮೆರಾದ ಗರಗರ ಕೇಳಬಾರದೆಂದು ಅದನ್ನೂ ಅದನ್ನು ನಡೆಸುವ ಟೆಡ್ ಮಾಬಿಯನ್ನೂ ಗಾಜಿನ ಕಿಟಕಿಯಿದ್ದ ದೊಡ್ಡ ಪೆಟ್ಟಿಗೆಯೊಳಗೆ ಕೂಡಿಹಾಕಿದ್ದರು. ಚಿತ್ರದಲ್ಲಿ ಪೆಲ್ ರಂಗದ ಮೇಲೆಯೇ ಕೊಲೆಯಾಗುವ ಹಿರಿಯ ನಟ. ನೆಸ್ಟಾಳದ್ದು ಅವನ ಮಗಳ ಪಾತ್ರ.

ಪೆಲ್‌ಗೆ ಎಪ್ಪತ್ತೊಂದು ವರ್ಷ, ದುರ್ಬಲ ಹೃದಯ. ಎಂಟನೇ ಸಲಕ್ಕೇ ತುಟಿ ನೀಲಿಯಾಗಿತ್ತು. ನೆಸ್ಟಾಗೆ ಇದು ಮೊದಲ ಚಿತ್ರ. ಮೊನ್ನೆಮೊನ್ನೆಯವರೆಗೂ ಸಮುದ್ರತೀರದ ಊರುಗಳಲ್ಲಿ ಹಾಡಿ ಕುಣಿಯುತ್ತಿದ್ದವಳು. ಕಿರುಚುವುದು ತನಗೆ ಬರುವುದಿಲ್ಲವೆಂದು ಅವಳಿಗೇ ಗೊತ್ತಿತ್ತು. ಆದರೂ ಬೆಳಗಿನಿಂದ ಹ್ಯಾರೋಬಿ ಅವಳಿಗೆ ಒಂದು ಮಾತೂ ಅಂದಿರಲಿಲ್ಲ. ಬೈಗುಳವೆಲ್ಲ ಮುದುಕನ ಪಾಲಿಗೆ.

ಕಾರಣವನ್ನು ಬಣ್ಣ ಹಚ್ಚುವ ಹೆಂಗಸು ಪಿಸುಗುಟ್ಟಿದ್ದಳು. ಇಪ್ಪತ್ತು ವರ್ಷದ ಹಿಂದೆ ಹ್ಯಾರೋಬಿ ಪೆಲ್‌ನ ನಾಟಕ ಕಂಪನಿಯಲ್ಲಿ ಈಟಿ ಹಿಡಿದು ನಿಲ್ಲುವ ಸೈನಿಕ. "ನಿಲ್ಲೋಕೂ ಬರಲ್ವಲ್ಲೋ ನಿನಗೆ!" ಎಂದು ಎಲ್ಲರೆದುರು ಪೆಲ್ ಅವನನ್ನು ಓಡಿಸಿದ್ದನಂತೆ.

ನೆಸ್ಟಾಗೆ ಅರ್ಥವಾಯಿತು. ಇದು ಸೇಡು.

ಹನ್ನೆರಡನೇ ಸಲ ಪೆಲ್ ಏಳಲು ಅವಳೇ ಕೈ ಕೊಡಬೇಕಾಯಿತು. ಅವನ ಕೈ ತಣ್ಣಗಿತ್ತು.

"ಸಾಕು ಅಂದ್ಬಿಡಿ ಸಾರ್. ಮನೆಗೆ ಹೋಗಿ."

"ಐವತ್ತು ವರ್ಷ ದಿನಾ ಸತ್ತಿದೀನಿ ಮಗಳೇ. ಪರದೆ ಬಿದ್ರೆ ಮುಗೀತು, ಮಾರನೇ ದಿನ ಯಾರಿಗೂ ನೆನಪಿರಲ್ಲ. ಇದೊಂದು ಉಳಿಯುತ್ತೆ. ಸರಿಯಾಗೇ ಬರ್ಲಿ."

ಹದಿಮೂರನೆಯದು ಮುಗಿದ ಮೇಲೆ ಅವನು ಬಹಳ ಹೊತ್ತು ಏಳಲಿಲ್ಲ. ನೆಸ್ಟಾ ರಂಗದಿಂದ ಕೆಳಗೆ ಹಾರಿ ಹ್ಯಾರೋಬಿಯ ಮುಂದೆ ನಿಂತಳು.

"ನಿಲ್ಸಿ. ಇನ್ನೊಂದ್ಸಲ ಮಾಡಿಸಿದ್ರೆ ಅವರು ಸತ್ತೇ ಹೋಗ್ತಾರೆ."

ಹ್ಯಾರೋಬಿ ಅವಳ ಮುಖವನ್ನೇ ದಿಟ್ಟಿಸಿದ. "ನಿಜವಾಗ್ಲೂ ಹಾಗನ್ಸುತ್ತಾ ನಿನಗೆ?"

"ನಿಜವಾಗ್ಲೂ!"

"ಒಳ್ಳೇದು," ಎಂದ ಅವನು. "ಎಲ್ಲರೂ ನಿಮ್ನಿಮ್ಮ ಜಾಗಕ್ಕೆ ಬನ್ನಿ."

ಎಲ್ಲ ಬಿಟ್ಟು ಹೊರಟುಬಿಡಬೇಕು ಅನ್ನಿಸಿತು ಅವಳಿಗೆ. ಆದರೆ ಪೆಲ್ ಆಗಲೇ ಬಟ್ಟಲು ಹಿಡಿದು ನಿಂತಿದ್ದ. "ಬಾ ಮಗಳೇ," ಎಂದು ಕರೆದ. ಹೋದಳು.

ಹದಿನಾಲ್ಕನೇ ಸಲ ಪೆಲ್ ಗಂಟಲಿಗೆ ಕೈ ಒಯ್ಯಲಿಲ್ಲ. ಎದೆಗೆ ಒಯ್ದ. ಮಡಿಲಿಗೆ ಬಂದ ತಲೆ ಕಲ್ಲಿನಷ್ಟು ಭಾರವಾಗಿತ್ತು. ತೆರೆದೇ ಇದ್ದ ಕಣ್ಣುಗಳು ಅವಳನ್ನು ನೋಡುತ್ತಿರಲಿಲ್ಲ. ನೆಸ್ಟಾಳ ಬಾಯಿಂದ ಹೊರಟ ಕೂಗು ಅವಳದ್ದೇ ಎಂದು ಅವಳಿಗೇ ಗೊತ್ತಾಗಲಿಲ್ಲ. ಖಾಲಿ ಬಾಲ್ಕನಿಗಳನ್ನು ಸುತ್ತಿ ಅದು ವಾಪಸು ಬಂತು.

"ಕಟ್," ಎಂದ ಹ್ಯಾರೋಬಿ, ಮೆಲ್ಲಗೆ. "ಬಂತು. ಇದೇ ಬೇಕಿತ್ತು."

ವೈದ್ಯರು ಬಂದು ತಲೆಯಾಡಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಹೆಣ ಸಾಗಿಸಿಯಾಗಿತ್ತು. ಹ್ಯಾರೋಬಿ ಮೂರನೇ ಸಾಲಿನಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ನೆಸ್ಟಾ ಅವನತ್ತ ತಿರುಗದೆ ಕ್ಯಾಮೆರಾ ಪೆಟ್ಟಿಗೆಯ ಬಾಗಿಲಿಗೆ ಹೋದಳು. ಅವಳಿಗೆ ಉಳಿದಿದ್ದ ಸಮಾಧಾನ ಒಂದೇ.

"ಟೆಡ್, ಅವರ ಕೊನೇದು ಪೂರ್ತಿ ಸಿಕ್ತಲ್ವಾ? ಅದನ್ನ ಕತ್ತರಿಸೋಕೆ ಬಿಡ್ಬೇಡಿ. ಅವರು ಕೇಳಿದ್ದು ಅದೊಂದೇ."

ಟೆಡ್ ಬೆವರು ಒರೆಸಿಕೊಂಡ. ಅವಳ ಕಡೆ ನೋಡಲಿಲ್ಲ.

"ಅವರದ್ದು ಬೆಳಿಗ್ಗೆ ಮೊದಲನೇ ಸಲಕ್ಕೇ ಚೆನ್ನಾಗಿ ಬಂದಿತ್ತಮ್ಮ. ಆಮೇಲಿನ ಹದಿಮೂರು ಸಲವೂ ಕ್ಯಾಮೆರಾ ಇಟ್ಟಿದ್ದು ನಿಮ್ಮ ಮುಖಕ್ಕೆ ಮಾತ್ರ."