ಹಿರೇಹಳ್ಳಿಯ ಮೊಂಡು ಕಂಪ್ಯೂಟರ್

ಪರದೆಯ ಮೇಲೆ ಹಸಿರು ಅಕ್ಷರಗಳು ಒಂದೊಂದಾಗಿ ಮೂಡಿದವು. ಯೋಗನರಸಿಂಹ ಉಸಿರು ಬಿಗಿಹಿಡಿದ. ಇನ್ನೇನು ಕಂಪ್ಯೂಟರ್ ಎದ್ದೇ ಬಿಟ್ಟಿತು ಎನ್ನುವಷ್ಟರಲ್ಲಿ ಎಲ್ಲವೂ ಕಪ್ಪಾಯಿತು.

"ಹೋಯ್ತಾ?" ಎಂದರು ಅಲಮೇಲಮ್ಮ, ಕುರ್ಚಿಯಲ್ಲಿ ಮುಂದೆ ಬಾಗಿ.

"ಹೋಯ್ತು ಅಮ್ಮ."

ಹಿರೇಹಳ್ಳಿಯ ಆ ನಟ್ಟು-ಬೋಲ್ಟಿನ ಕಾರ್ಖಾನೆಗೆ ಕಂಪ್ಯೂಟರ್ ಬಂದದ್ದು ಎಂಬತ್ತಾರರಲ್ಲಿ. ಬೀರುವಿನಷ್ಟು ದೊಡ್ಡ ಪೆಟ್ಟಿಗೆ. ಅದಕ್ಕೊಂದು ಎ.ಸಿ. ಕೋಣೆ. ಒಳಗೆ ಹೋಗುವವರು ಚಪ್ಪಲಿ ಬಿಟ್ಟೇ ಹೋಗಬೇಕು. ಇಷ್ಟೆಲ್ಲ ಮಡಿ ಮಾಡಿದರೂ ದೇವರು ಕಣ್ಣು ಬಿಡಬೇಕಲ್ಲ! ಏಳುವಾಗಲೇ ಮೂರ್ಛೆ.

ರಿಪೇರಿಗೆಂದು ಬೆಂಗಳೂರಿನ ಕಂಪನಿಯಿಂದ ಇಂಜಿನಿಯರ್ ಯೋಗನರಸಿಂಹ ಬಂದಿದ್ದು ಇದು ಮೂರನೇ ಸಲ. ಹೊರಡುವಾಗ ಅವನ ಬಾಸು ಪಟ್ಟಾಭಿರಾಮ ಕನ್ನಡಕದ ಮೇಲಿಂದ ನೋಡಿ ಹೇಳಿದ್ದರು: "ಈ ಸಲಾನೂ ಆ ಮೆಷಿನ್ ಏಳ್ಲಿಲ್ಲ ಅಂದ್ರೆ ನೀನು ಆಫೀಸಿಗೆ ಬರೋದೇ ಬೇಡ ಕಣಯ್ಯ." ಸಿಕ್ಕಿ ವರ್ಷವಾಗದ ಕೆಲಸ. ಅಪ್ಪ ಬೀದಿಯವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದ ಕೆಲಸ. ಅದೂ ಹೋದರೆ ಯಾವ ಮುಖ ಹೊತ್ತು ಮನೆಗೆ ಹೋಗುವುದು?

ಮ್ಯಾನೇಜರ್ ಅನಂತರಾಮಯ್ಯ ಪಾಪ, ಒಳ್ಳೆಯ ಮನುಷ್ಯ. ಆದರೆ ಪುಕ್ಕಲು. ಮೆಷಿನ್ ಶುರು ಮಾಡುವ ಹೊತ್ತಿಗೆ ಪ್ರತಿ ಸಲವೂ ಎದ್ದುಬಿಡುತ್ತಿದ್ದರು. "ನನ್ ಕೈಲಿ ನೋಡಕ್ಕಾಗಲ್ಲಪ್ಪಾ, ಎದೆ ಹೊಡ್ಕೊಳತ್ತೆ. ದೇವರ ಫೋಟೋ ಮುಂದೆ ನಿಂತಿರ್ತೀನಿ," ಎಂದು ಪಕ್ಕದ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಅವರ ಹೆಂಡತಿ ಅಲಮೇಲಮ್ಮನಿಗೆ ಅಂಥ ಭಯವಿಲ್ಲ. ತುಮಕೂರಿನ ಬಟವಾಡಿಯ ಮನೆಯಿಂದ, ಮಗಳು ವತ್ಸಲಾ ತುಂಬಿಕೊಟ್ಟ ಟಿಫನ್ ಕ್ಯಾರಿಯರ್ ತಂದು ಅಲ್ಲೇ ಕೂತುಬಿಡುತ್ತಿದ್ದರು. ಒಬ್ಬರೇ ಅಲ್ಲ. ಆ ಕಾಲದ ತುಮಕೂರಲ್ಲಿ ಕಂಪ್ಯೂಟರ್ ಅಂದರೆ ಸರ್ಕಸ್ಸಿನ ಆನೆ ಇದ್ದಂತೆ. ಮೊದಲ ಸಲ ಗುಬ್ಬಿಯಿಂದ ಅವರ ಚಿಕ್ಕಮ್ಮ ನೋಡಲು ಬಂದಿದ್ದರು. ಎರಡನೇ ಸಲ ಕುಣಿಗಲ್ಲಿನ ಸೋದರಮಾವ. ಈ ಸಲ ನಿಟ್ಟೂರಿನ ದೊಡ್ಡತ್ತೆ ಕೌಸಲ್ಯಮ್ಮ. ಆಕೆಯಂತೂ ಕನ್ನಡಕ ಒರೆಸಿ ಒರೆಸಿ ನೋಡಿದ್ದೇ ನೋಡಿದ್ದು.

ಒಂದೇ ಕಷ್ಟ. ಕ್ಯಾರಿಯರ್ ಬಂದರೂ ಅದರ ಮುಚ್ಚಳ ತೆಗೆಯುತ್ತಿರಲಿಲ್ಲ. "ಮೊದ್ಲು ಮೆಷಿನ್ ಏಳ್ಲಿ, ಆಮೇಲೆ ಊಟ," ಎನ್ನುತ್ತಿದ್ದರು ಅಲಮೇಲಮ್ಮ. ಹುಳಿಯ ಘಮ ಮೂಗಿಗೆ ಬಡಿಯುತ್ತಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ಯೋಗನರಸಿಂಹನಿಗೆ ಗುಮಾನಿ ಇದ್ದದ್ದು ರುದ್ರಯ್ಯನ ಮೇಲೆ. ಕಾರ್ಖಾನೆಯ ಸಂಬಳದ ಲೆಕ್ಕವೆಲ್ಲ ಅವನದೇ. ಕಂಪ್ಯೂಟರ್ ಬಂದ ದಿನವೇ "ಇದು ಎದ್ರೆ ನಾನು ಮಲಗ್ದಂಗೆ ಬುಡಿ" ಎಂದು ಎಲ್ಲರೆದುರು ಹೇಳಿದ್ದ. ಈಗ ಬಾಗಿಲಲ್ಲಿ ನಿಂತು ಕಿಸಕ್ಕನೆ ನಗುತ್ತಿದ್ದ.

ಯೋಗನರಸಿಂಹ ಫ್ಯೂಸ್ ನೋಡಿದ. ಸರಿಯಿತ್ತು. ವೋಲ್ಟೇಜ್ ಅಳೆದ. ಸರಿಯಿತ್ತು. ವೈರನ್ನು ಇಲಿ ಕಡಿದಿರಬಹುದೇ ಎಂದು ಪೆಟ್ಟಿಗೆಯ ಹಿಂದೆ ಅಂಗಾತ ಮಲಗಿದ.

ಕೌಸಲ್ಯಮ್ಮ ಬಗ್ಗಿ ಕೇಳಿದರು, "ಬೇಗ ಬಿಸಿ ಆಗೋ ಪೈಕಿಯೇನಪ್ಪಾ?"

"ತುಂಬಾ ಬೇಗ ಅಮ್ಮ. ಅದಕ್ಕೇ ಎ.ಸಿ. ಹಾಕಿರೋದು."

"ಓ, ಮೆಷಿನ್ನಾ," ಎಂದು ಕೌಸಲ್ಯಮ್ಮ ನಿಟ್ಟುಸಿರು ಬಿಟ್ಟರು.

ಮತ್ತೆ ಶುರು. ಅನಂತರಾಮಯ್ಯ ದೇವರ ಬಳಿಗೆ ಓಡಿದರು. ಹಸಿರು ಅಕ್ಷರಗಳು ಬಂದವು. ಮತ್ತೆ ಕಪ್ಪು.

"ಬುಡಿ ಸಾ, ಅದ್ರ ಹಣೇಲಿ ಏಳೋದು ಬರ್ದಿಲ್ಲ," ಎಂದ ರುದ್ರಯ್ಯ.

ಯೋಗನರಸಿಂಹ ಸ್ಕ್ರೂಡ್ರೈವರ್ ಹಿಡಿದೇ ಅವನತ್ತ ತಿರುಗಿದ. ಮುಖ ಕೆಂಪೇರಿತು. ಅಲಮೇಲಮ್ಮ ದೊಡ್ಡತ್ತೆಯನ್ನು ಮೊಣಕೈಯಿಂದ ತಿವಿದರು. ಬಾಯಿಗೆ ಬಂದ ಬೈಗುಳವನ್ನು ಯೋಗನರಸಿಂಹ ಹಾಗೇ ನುಂಗಿಕೊಂಡ. ಕೆಲಸವಂತೂ ಹೋದಂತೆಯೇ. ಇನ್ನು ಈ ಬಡಪಾಯಿಯ ಮೇಲೆ ಕೂಗಾಡಿ ಏನು ಸಿಗುತ್ತದೆ? ಅವನಿಗೆ ನಗುವೇ ಬಂತು.

"ರುದ್ರಯ್ಯನೋರೇ, ನಿಮಗೂ ನನ್ ಥರಾನೇ ಕೆಲಸದ ಭಯ, ಅಲ್ವಾ? ಬನ್ನಿ, ಕೂತ್ಕೊಳ್ಳಿ. ಇದು ಎದ್ರೆ ಮೊದ್ಲು ನಿಮಗೇ ಕಲಿಸ್ತೀನಿ," ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟ. ಆಮೇಲೆ ಪೆಟ್ಟಿಗೆಯ ಬೆನ್ನು ತಟ್ಟಿದ. "ಏಳೋ ಮಹರಾಯ. ನಿನಗೂ ಹಸಿವೇನೋ?"

ರುದ್ರಯ್ಯ ನಾಚಿಕೊಂಡು ಕುರ್ಚಿಯ ತುದಿಯಲ್ಲಿ ಕೂತ. ಕೌಸಲ್ಯಮ್ಮ ಕನ್ನಡಕ ತೆಗೆದರು.

"ಎಲೆ ಹಾಕೇ ಅಲಮೇಲು. ಹುಡುಗ ಹಸ್ಕೊಂಡಿದಾನೆ."

"ಮೆಷಿನ್ ಇನ್ನೂ ಎದ್ದಿಲ್ವಲ್ಲ ಅಮ್ಮ?" ಎಂದ ಯೋಗನರಸಿಂಹ.

"ಏಳತ್ತೆ ಬಿಡು, ಎಲ್ಲಿ ಹೋಗತ್ತೆ!"

ಹೊರಗಿನ ಹಾಲಿನಲ್ಲಿ ಎಲೆ ಬಿತ್ತು. ಅನಂತರಾಮಯ್ಯ ಬಂದು ಕೂತು ಹುಳಿಯನ್ನಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಅವರ ಕೋಣೆಯ ಫೋನು ಉದ್ದಕ್ಕೆ ಹೊಡೆದುಕೊಂಡಿತು. ಅಷ್ಟು ಉದ್ದದ ರಿಂಗು ಎಂದರೆ ಟ್ರಂಕ್ ಕರೆ, ಬೆಂಗಳೂರಿನದೇ. ಬಾಸೇ ಇರಬೇಕು. ಯೋಗನರಸಿಂಹ ತುತ್ತನ್ನು ಎಲೆಯಲ್ಲೇ ಬಿಟ್ಟ. ಬೈಸಿಕೊಳ್ಳಬೇಕಾದವನು ತಾನು, ಪಾಪ, ಅನಂತರಾಮಯ್ಯನವರನ್ನೇಕೆ ಎಂಜಲು ಕೈಯಲ್ಲಿ ಎಬ್ಬಿಸುವುದು?

"ನೀವು ಕೂತ್ಕೊಳ್ಳಿ ಸಾರ್, ನಾನೇ ಮಾತಾಡ್ತೀನಿ," ಎಂದು ಓಡಿದ.

"ಏ, ಬೇಡ, ಬೇಡಪ್ಪಾ!" ಎಂದು ಅನಂತರಾಮಯ್ಯ ಎಲೆ ದಾಟಿ ಹಿಂದೆಯೇ ಓಡಿಬಂದರು. ತಡವಾಗಿತ್ತು. ಯೋಗನರಸಿಂಹ ಎಡಗೈಯಲ್ಲಿ ರಿಸೀವರ್ ಎತ್ತಿ, ಗಟ್ಟಿ ಮನಸ್ಸು ಮಾಡಿ "ಹಲೋ" ಎಂದ.

ಗೊರಗೊರ ಸದ್ದಿನ ನಡುವೆ ಪಟ್ಟಾಭಿರಾಮರ ದನಿ ಕೇಳಿಸಿತು: "ಭಾವಾ, ನಾನು ಪಟ್ಟಾಭಿ; ಇವತ್ತು ದೊಡ್ಡತ್ತೆನೂ ನೋಡಿದ್ದಾಯ್ತಲ್ಲ, ಕೆಲಸ ಕೆಟ್ಟು ಹೊಟ್ಟೆ ಹಸಿದ್ರೂ ಹುಡುಗ ಸಿಡುಕಲಿಲ್ಲ ತಾನೇ? ಹಂಗಾದ್ರೆ ನಮ್ಮ ವತ್ಸಲಾಗೆ ಇವನೇ ಗಂಡು, ಇನ್ನಾದ್ರೂ ನಿಮ್ಮ ರೂಮಲ್ಲಿರೋ ಆ ಮೆಷಿನ್ನಿನ ಮೇನ್ ಸ್ವಿಚ್ ಆರಿಸೋದು ನಿಲ್ಸಿ!"