ಕೂತವನು ಅಲುಗಾಡಬಾರದು

ಬೂಟಿನ ಸದ್ದು ಓಣಿಯ ತಿರುವಿನಲ್ಲಿ ಕೇಳಿಸಿದ್ದೇ ತಡ, ಕತ್ತರಿಗಾರ ಗೋಂದಿನ ಡಬ್ಬಿಯನ್ನು ಚರಂಡಿಗೆ ಎಸೆದು ಓಟ ಕಿತ್ತ. ಹಿಂತಿರುಗಿ ನೋಡಿದರೆ ಖಾಕಿ. ಒಬ್ಬನೇ ಕಾನ್‌ಸ್ಟೇಬಲ್, ಆದರೆ ಎದ್ದೆನೋ ಬಿದ್ದೆನೋ ಎಂದು ಇವನ ಹಿಂದೆಯೇ ಓಡಿಬರುತ್ತಿದ್ದ.

ಸಿಕ್ಕಿಬಿದ್ದರೆ ಎಲ್ಲ ಕೆಟ್ಟಿತು. ಇವನ ಅಂಗಿಯೊಳಗೆ, ಸೊಂಟಕ್ಕೆ ಸುತ್ತಿದ ಪೋಸ್ಟರುಗಳಿದ್ದವು. ಗಾರ್ಮೆಂಟ್ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಬಟ್ಟೆ ಕತ್ತರಿಸುವವರಿಗೆ ಕೂರಲು ಒಂದೊಂದು ಸ್ಟೂಲು ಕೊಡಿ. ಬೇಡಿಕೆ ಇಷ್ಟೇ. ಇಷ್ಟಕ್ಕೇ ಮ್ಯಾನೇಜರು ಪೊಲೀಸರಿಗೆ ದೂರು ಕೊಟ್ಟಿದ್ದ. ಸ್ವತಃ ಅವನ ಕುರ್ಚಿಗೆ ಮೆತ್ತೆಯಿತ್ತು, ಚಕ್ರಗಳೂ ಇದ್ದವು. ನಾಳೆ ಬೆಳಿಗ್ಗೆ ಗೇಟಿನ ಮುಂದೆ ಎಲ್ಲರನ್ನೂ ತಡೆದು ನಿಲ್ಲಿಸಬೇಕಾದವನು ಕತ್ತರಿಗಾರ. ಇವನು ಲಾಕಪ್ಪಿನಲ್ಲಿದ್ದರೆ ಉಳಿದವರು ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ, ಮತ್ತೆ ನಿಲ್ಲುತ್ತಾರೆ.

ತೆರೆದಿದ್ದ ಮೊದಲ ಬಾಗಿಲಿಗೆ ನುಗ್ಗಿ ಮೆಟ್ಟಿಲು ಹತ್ತಿದ. ಮೇಲೊಂದು ದೊಡ್ಡ ಕೋಣೆ. ಸುತ್ತ ಚಿತ್ರ ಬರೆಯುವ ಈಸಲ್‌ಗಳು, ಅವುಗಳ ಹಿಂದೆ ಬೆರಳಿಗೆಲ್ಲ ಬಣ್ಣ ಮೆತ್ತಿಕೊಂಡ ಜನ. ನಡುವೆ ಮರದ ಕಟ್ಟೆ. ಕಟ್ಟೆಯ ಮೇಲೆ, ಅಣಕಿಸುವಂತೆ, ಒಂದು ಖಾಲಿ ಸ್ಟೂಲು.

"ಯಾವಾಗ್ಲೂ ಕೂರೋರ ಬದಲಿಗೆ ಬಂದ್ರಾ?" ನರೆಗೂದಲಿನ ಮೇಡಂ ಕೇಳಿದರು.

"ಹೌದು." ಆ ಗಳಿಗೆಯಲ್ಲಿ ಮದುಮಗ ನೀವೇನಾ ಎಂದಿದ್ದರೂ ಹೌದೆನ್ನುತ್ತಿದ್ದ.

"ಹೊತ್ತಾಯ್ತು. ಅಂಗಿ ಬಿಚ್ಚಿ, ಹತ್ತಿ ಕೂತ್ಕೊಳ್ಳಿ."

ಗೋಡೆಗೆ ಮುಖ ಮಾಡಿ ಅಂಗಿ ಬಿಚ್ಚಿದ. ಪೋಸ್ಟರುಗಳನ್ನು ಅದರಲ್ಲೇ ಸುತ್ತಿ ಬಾಗಿಲ ಬಳಿಯ ಬೆಂಚಿನ ಮೇಲಿಟ್ಟು ಸ್ಟೂಲು ಏರಿದ.

"ಮೇಡಂ, ಹೋದ ವಾರ ಬರೆದ ಹೊಟ್ಟೆ ಏನ್ಮಾಡ್ಲಿ?" ಎಂದರು ಮುಂದಿನ ಸಾಲಿನ ಹಲ್ಲಿನ ಡಾಕ್ಟರು.

"ಬ್ಲೇಡಲ್ಲಿ ಕೆರೀರಿ."

"ಕೆರೆದ್ರೂ ಹೋಗ್ತಿಲ್ಲ."

"ಆಯಿಲ್ ಪೇಸ್ಟಲ್ ಬಣ್ಣ ಅಷ್ಟು ಸುಲಭಕ್ಕೆ ಬಿಡಲ್ಲ. ಅದರ ಮೇಲೇ ಪಕ್ಕೆಲುಬು ಬರೀರಿ. ಇಬ್ಬರಲ್ಲಿ ಒಬ್ಬರನ್ನಾದ್ರೂ ಹೋಲುತ್ತೆ."

ಕನ್ನಡಕದ ಹುಡುಗಿಗೆ ಬೇರೆ ತಾಪತ್ರಯ. "ಅವರ ಹಣೆ ಮೇಲ್ಗಡೆ ಬಿಳುಪು, ಕೆಳಗೆ ಕಡುಕಂದು ಹಚ್ಚಿದ್ದೆ ಮೇಡಂ. ಇವರದ್ದು ಪೂರ್ತಿ ಒಂದೇ ಬಣ್ಣ."

"ಯಾರ ಮೈಯೂ ಒಂದೇ ಬಣ್ಣ ಇರಲ್ಲ. ಸರಿಯಾಗಿ ನೋಡು. ದವಡೆ ಕೆಳಗೆ ಹಸಿರಿದೆ."

"ಮನುಷ್ಯರಲ್ಲಿ ಹಸಿರಾ?"

"ಓಡಿ ಬಂದವರಲ್ಲಿ ಇರುತ್ತೆ." ಮೇಡಂ ಕತ್ತರಿಗಾರನ ಗಲ್ಲ ಹಿಡಿದು ಕಿಟಕಿಯತ್ತ ತಿರುಗಿಸಿದರು. "ಇನ್ನು ವಿರಾಮದವರೆಗೆ ಅಲುಗಾಡೋ ಹಾಗಿಲ್ಲ. ಯಾರು ಬಂದ್ರೂ ನಿಮ್ಮನ್ನ ಎಬ್ಬಿಸೋ ಹಾಗೂ ಇಲ್ಲ. ಈ ಕೋಣೆಯ ಕಾನೂನು ಅದು."

ಇಂಥದೊಂದು ಕಾನೂನು ಕೇಳಿ ಕತ್ತರಿಗಾರನಿಗೆ ಜನ್ಮದಲ್ಲೇ ಮೊದಲ ಸಲ ಕಾನೂನಿನ ಮೇಲೆ ಪ್ರೀತಿ ಬಂತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟುಗಳು.

ಕಾನ್‌ಸ್ಟೇಬಲ್ ಬಾಗಿಲು ತುಂಬ ನಿಂತ. ಏದುಸಿರು. ಕಟ್ಟೆಯ ಮೇಲೆ ಕೂತವನನ್ನು ಕಂಡದ್ದೇ ಮುಖ ಕೆಂಡವಾಯಿತು.

"ಮೇಡಂ, ಇವನು..."

"ಶ್. ಏನಿದ್ರೂ ಆಮೇಲೆ. ಅಲ್ಲಿ ಕೂತ್ಕೊಳ್ಳಿ." ಮೇಡಂ ಹತ್ತಿರ ಹೋಗಿ ಇನ್ನೇನೋ ಪಿಸುಗುಟ್ಟಿದರು. ಈಸಲ್‌ಗಳ ಹಿಂದೆ ಯಾರೋ ನಗು ನುಂಗಿಕೊಂಡರು.

ಕಾನ್‌ಸ್ಟೇಬಲ್ ಕೂತದ್ದು ಅದೇ ಬೆಂಚಿನ ಮೇಲೆ, ಅಂಗಿಯ ಗಂಟಿನ ಪಕ್ಕ.

"ಸರ್, ಸ್ವಲ್ಪ ಆ ಕಡೆ ಸರೀರಿ, ಬೆಳಕಿಗೆ ಅಡ್ಡ," ಎಂದರು ಹಲ್ಲಿನ ಡಾಕ್ಟರು.

"ಸರೀತೀನಿ. ಹೋಗಲ್ಲ ಮಾತ್ರ. ಇವನು ಆ ಸ್ಟೂಲಿಂದ ಇಳಿಯೋದನ್ನ ನಾನು ಇವತ್ತು ಕಣ್ಣಾರೆ ನೋಡ್ಬೇಕು."

ಪೇಸ್ಟಲ್ ಕಡ್ಡಿಗಳು ಕಾಗದದ ಮೇಲೆ ಮತ್ತೆ ಉಜ್ಜತೊಡಗಿದವು. ಕತ್ತರಿಗಾರನ ಬೆನ್ನು ಉರಿಯಿತು. ಮೂಗಿನ ತುದಿ ತುರಿಸಿತು. ಎಡಗಾಲು ಮೊದಲು ಜುಮ್ಮೆಂದು, ಆಮೇಲೆ ಇದೆಯೋ ಇಲ್ಲವೋ ಎಂಬಂತಾಯಿತು. ವರ್ಷಗಟ್ಟಲೆ ಕೇಳಿದ ಸ್ಟೂಲು ಕೊನೆಗೂ ಸಿಕ್ಕಿತ್ತು, ಈಗ ಎದ್ದು ನಿಲ್ಲುವುದಕ್ಕೆ ಜೀವ ಹಾತೊರೆಯುತ್ತಿತ್ತು. ಬಿಟ್ಟಿ ಕೂರುವ ಕೆಲಸ ಎಂದು ಇದನ್ನು ಯಾರಾದರೂ ಅಂದರೆ ಅವರನ್ನು ಇಲ್ಲಿ ತಂದು ಕೂರಿಸಬೇಕು. ಹೀಗೆ ಕೂರುವವರಿಗೂ ಒಂದು ಸಂಘ ಬೇಕು. ಬದುಕಿದರೆ ಕಟ್ಟೋಣ.

ಕಣ್ಣಂಚಿನಲ್ಲಿ ಕಂಡಿತು: ಕಾನ್‌ಸ್ಟೇಬಲ್ ಅಂಗಿಯ ಗಂಟು ಸರಿಸಿದ. ಪೋಸ್ಟರೊಂದು ಇಣುಕಿತು. ಎಳೆದು ತೆಗೆದು, ತುಟಿ ಆಡಿಸುತ್ತ ಪೂರ್ತಿ ಓದಿದ. ಕಟ್ಟೆಯತ್ತ ನೋಡಿದ. ಮಡಚಿ ಜೇಬಿಗಿಟ್ಟ. ಮುಗಿಯಿತು, ಸಾಕ್ಷಿಯೂ ಸಿಕ್ಕಿತು.

ಕನ್ನಡಕದ ಹುಡುಗಿ ಹಸಿರು ಕಡ್ಡಿ ಎತ್ತಿಕೊಂಡಳು. "ಈಗ ಕಾಣಿಸ್ತಿದೆ ಮೇಡಂ, ತುಂಬಾ ಹಸಿರು."

ಮೇಡಂ ಚಪ್ಪಾಳೆ ತಟ್ಟಿದರು. "ವಿರಾಮ."

ಕತ್ತರಿಗಾರ ಎದ್ದ. ಕಾಲು ಏಳಲಿಲ್ಲ. ಓಡುವುದಿರಲಿ, ಕಟ್ಟೆ ಇಳಿಯುವುದೂ ಆಗದೆ ಸ್ಟೂಲನ್ನೇ ಹಿಡಿದು ನಿಂತ. ಕಾನ್‌ಸ್ಟೇಬಲ್ ನಿಧಾನಕ್ಕೆ ಹತ್ತಿರ ಬಂದ. ಅವನ ಕೈ ಬೆಲ್ಟಿನ ಮೇಲಿತ್ತು.

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಉಳಿದವರ ಹೆಸರನ್ನಾದರೂ ಉಳಿಸಬೇಕು. ಕತ್ತರಿಗಾರ ಎರಡೂ ಕೈ ಮುಂದೆ ಚಾಚಿದ. "ನಡೀರಿ ಸರ್. ಪೋಸ್ಟರು ನಂದು. ಬರೆದವನೂ ನಾನೇ, ಅಂಟಿಸಿದವನೂ ನಾನೇ. ಬೇರೆ ಯಾರೂ ಇಲ್ಲ."

ಕಾನ್‌ಸ್ಟೇಬಲ್ ಆ ಕೈಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಸುತ್ತ ಒಮ್ಮೆ ನೋಡಿದ. ಬಾಯಿ ಇವನ ಕಿವಿಯ ಹತ್ತಿರ ತಂದ.

"ಪೋಸ್ಟರು ಯಾರು ಕೇಳಿದ್ರಣ್ಣ?" ಎಂದ, ಬೆಲ್ಟು ಕಳಚಿ ಖಾಕಿ ಅಂಗಿಯ ಗುಂಡಿ ಬಿಚ್ಚುತ್ತ. "ವರ್ಷದಿಂದ ಇಲ್ಲಿ ಕೂರೋನು ನಾನು, ಹೊತ್ತಾಯ್ತು ಅಂತ ಓಡಿ ಬರ್ತಿದ್ರೆ ನನ್ನನ್ನೇ ಹಿಂದೆ ಹಾಕಿ ಬಂದು ಕೂತ್ಬಿಟ್ರಲ್ಲ, ಇಳೀರಿ, ಸ್ಟೇಷನ್ನಲ್ಲಿ ಮಾತ್ರ ಯಾರಿಗೂ ಹೇಳ್ಬೇಡಿ."