ಒಂದೇ ಅಳತೆ

ಮುಟ್ಟು ನಿಂತ ಹೆಂಗಸರ ಮೈಗೆ ಏರುವ ಬಿಸಿಗೆ ಹೊಸ ಮಾತ್ರೆಯೊಂದರ ಸಂಶೋಧನೆ ನಡೆದಿತ್ತು. ಡಾಕ್ಟರ ಎಸಿ ಕೋಣೆಯಲ್ಲಿ, ರೊಟ್ಟಿ ಬಡಿದು ಮಾರುವ ಫಕೀರವ್ವ ಮೂರನೆಯ ಸಲ ಬಂದು ಕೂತಿದ್ದಳು.

"ಬಿಸಿ ಏರಿದಾಗ ಕೆಲಸ ಬಿಟ್ಟು ಎದ್ದೀರೇನು?"

"ಎಲ್ಲಿ ಏಳೂದ್ರಿ? ಹಂಚಿನ ಮ್ಯಾಲೆ ರೊಟ್ಟಿ ಇರ್ತೈತಿ. ಸೀರಿ ತೊಯ್ದು ತೊಪ್ಪಿ ಆಗ್ತೈತಿ, ಕಣ್ಣಿಗೆ ಕತ್ತಲಿ ಬರ್ತೈತಿ. ಆದ್ರೂ ಬಡಿಯೂದು ಬಿಡಂಗಿಲ್ಲ."

"ಹಂಗಾದ್ರ ಸೌಮ್ಯ," ಎಂದು ಡಾಕ್ಟರು ಫಾರ್ಮಿನಲ್ಲಿ ಗೀಟು ಹಾಕಿದರು. "ಕೆಲಸ ನಿಂತರಷ್ಟ ತೀವ್ರ. ಎಲ್ಲಾರಿಗೂ ಒಂದೇ ಅಳತಿ ಇರಬೇಕಲ್ಲ. ಮಾತ್ರೆ ನಿಮಗ ಚಲೋ ಹತ್ತೇತಿ."

ಹೋದ ತಿಂಗಳೂ ಇದೇ ಗೀಟು ಬಿದ್ದಿತ್ತು. ದಿನಕ್ಕೆ ಇನ್ನೂರು ರೊಟ್ಟಿ ಬಡಿದ ತಪ್ಪಿಗೆ ತನ್ನ ಬೇನೆಯೇ ಸುಳ್ಳಾಯಿತಲ್ಲ ಎಂದು ಫಕೀರವ್ವನಿಗೆ ಒಳಗೊಳಗೇ ನಗು ಬಂತು.

ಅಷ್ಟರಲ್ಲಿ ಕರೆಂಟು ಹೋಗಿ ಎಸಿ ನಿಂತಿತು. ಡಾಕ್ಟರು ಕಾಲರ್ ಸಡಿಲಿಸಿದರು, ಅದೇ ಫಾರ್ಮಿನಿಂದ ಗಾಳಿ ಹಾಕಿಕೊಂಡರು, ಐದೇ ನಿಮಿಷಕ್ಕೆ ಪೆನ್ನು ಮುಚ್ಚಿ ಎದ್ದರು.

"ಈ ಧಗಿಯಾಗ ಕೆಲಸ ಆಗಂಗಿಲ್ಲ. ನಾಳೆ ಬರ್ರಿ."

ಫಕೀರವ್ವ ಕೂತಲ್ಲಿಂದ ಏಳಲಿಲ್ಲ. ಮೇಜಿನ ಮೇಲಿನ ಇನ್ನೊಂದು ಖಾಲಿ ಫಾರ್ಮನ್ನು ಅವರತ್ತ ಸರಿಸಿದಳು.

"ಒಂದೇ ಅಳತಿ ಅಂದ್ರಲ್ಲ ಸಾಹೇಬ್ರ, ಹಂಗಾದ್ರ ನಿಮ್ದು ತೀವ್ರ ಅಂತ ಬರಕೊಳ್ರಿ."